ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಲ್ಲ!

'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನೋದು ಬೆಂಗಳೂರಿನ ಗಾಯತ್ರಿ ಮಂತ್ರ. ಬಸ್ಸಿನ ಸೀಟಿಗೆ, ಪಿಜಿ ರೂಮಿಗೆ ನಾನೂ ಅದನ್ನು ಒಪ್ಪುತ್ತೇನೆ. ಸೈಕಲ್ ಫ್ರೇಮಿಗೆ ಮಾತ್ರ ಒಪ್ಪಲ್ಲ. ಒಮ್ಮೆ ಒಪ್ಪಿ ಕೆಟ್ಟಿದ್ದೇನೆ.

ಮೂರು ವರ್ಷದ ಹಿಂದೆ ರೋಡ್ ಬೈಕ್ ಕೊಳ್ಳಲು ಹೋದಾಗ ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ: "ಹೈಟ್ ಎಷ್ಟು ಸರ್?" 173 ಸೆಂ.ಮೀ. ಅಂದೆ. "ಹಾಗಾದ್ರೆ 56 ತಗೊಳ್ಳಿ. ಮೊದಮೊದಲು ದೊಡ್ಡದು ಅನ್ಸತ್ತೆ, ಆಮೇಲೆ ಅಡ್ಜಸ್ಟ್ ಆಗತ್ತೆ." ಅವನ ಹತ್ತಿರ ಉಳಿದಿದ್ದದ್ದೇ 56 ಅನ್ನೋದು ನನಗೆ ಹೊಳೆದದ್ದು ಆಮೇಲೆ. ಆರು ತಿಂಗಳು ಅಂಗೈ ಜೋಮು, ಕತ್ತು ನೋವು. ಕೊನೆಗೆ ಅದು ಬಾಲ್ಕನಿಯಲ್ಲಿ ಟವೆಲ್ ಒಣಗಿಸುವ ಸ್ಟ್ಯಾಂಡ್ ಆಯ್ತು.

ಊರಲ್ಲಿ ನಾನು ಸೈಕಲ್ ಕಲಿತದ್ದು ಅಪ್ಪನ ಅಟ್ಲಾಸ್ ಮೇಲೆ. ಸೀಟು ಎಟುಕುತ್ತಿರಲಿಲ್ಲ, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದೆ. ಮನೆಯಲ್ಲಿದ್ದದ್ದು ಅದೊಂದೇ ಸೈಕಲ್, ಬೇರೆ ದಾರಿ ಇರಲಿಲ್ಲ. ಆದರೆ ಒಂದು ತಿಂಗಳ ಸಂಬಳ ಸುರಿದ ಮೇಲೂ ಒಳಪೆಡಲ್ಲೇ ಹೊಡೀಬೇಕಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಸರಿ. ಹಾಸಿಗೆಯನ್ನೇ ಕೊಳ್ಳಲು ಹೋದಾಗ ಕಾಲಿನಷ್ಟು ಹಾಸಿಗೆ ಕೇಳಬೇಕು.

ಅದಕ್ಕೇ ಈ ಸಲ ಡಿಸ್ಕ್ ಬ್ರೇಕಿನ ಸೈಕ್ಲೋಕ್ರಾಸ್ ಬೈಕ್ ತರುವ ಮುಂಚೆ ಬರಿಗಾಲಲ್ಲಿ ಗೋಡೆಗೆ ಒರಗಿ, ತೊಡೆಸಂದಿಯಲ್ಲಿ ದಪ್ಪ ಪುಸ್ತಕ ಒತ್ತಿ ಹಿಡಿದು, ಕಾಲಿನ ಒಳ ಅಳತೆ ತೆಗೆದೆ: 81 ಸೆಂ.ಮೀ. ಅದನ್ನು 0.883ರಿಂದ ಗುಣಿಸಿದರೆ ಸುಮಾರು 71.5. ಪೆಡಲ್ ತಿರುಗುವ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರಕ್ಕೆ ಇದು ಮೊದಲ ಅಂದಾಜು. ಆದರೆ ಸೀಟನ್ನು ಯಾರು ಬೇಕಾದರೂ ಏರಿಸಿ ಇಳಿಸಬಹುದು. ಹ್ಯಾಂಡಲ್ ಎಷ್ಟು ದೂರ, ಎಷ್ಟು ಎತ್ತರ ಅನ್ನೋದನ್ನು ಬಹುಪಾಲು ಫ್ರೇಮೇ ನಿರ್ಧರಿಸುತ್ತೆ. ಅದನ್ನೇ ರೀಚ್, ಸ್ಟ್ಯಾಕ್ ಅನ್ನೋದು. ಸ್ಟೆಮ್ ಬದಲಿಸಿದರೆ ಒಂದೆರಡು ಸೆಂ.ಮೀ. ಗಿಟ್ಟೀತು, ಅಷ್ಟೇ. ಮೇಲಾಗಿ ಒಂದು ಕಂಪನಿಯ 54 ಇನ್ನೊಂದರ 52ಕ್ಕೆ ಸಮ ಇರಬಹುದು, ಶರ್ಟಿನ ಮೀಡಿಯಂ ಇದ್ದ ಹಾಗೆ. ಎರಡನ್ನೂ ಓಡಿಸಿ ನೋಡಿ ನಾನು 52 ತಂದೆ.

ಮೊದಲ ಭಾನುವಾರ ಬೆಳಗಿನ ಜಾವ ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ ದಾಟಿ ಮಣ್ಣುದಾರಿಗೆ ಇಳಿಸಿದೆ. ರಾತ್ರಿ ಮಳೆ ಬಂದಿತ್ತು. 33 ಮಿ.ಮೀ. ಟೈರು ಕೆಸರಲ್ಲಿ ಕಚ್ಚಿಕೊಂಡು ಹೋಯ್ತು. ಎರಡು ಗಂಟೆ ಓಡಿಸಿದರೂ ಅಂಗೈ ಜೋಮು ಹಿಡಿಯಲಿಲ್ಲ. ಮನೆಗೆ ಬಂದಾಗಲೇ ಅದು ನೆನಪಾದದ್ದು. ಸೈಜ್ ಸರಿಯಿದ್ದರೆ ಹೀಗೇ, ಸೈಕಲ್ ಮರೆತುಹೋಗುತ್ತೆ.

"ಡಿಸ್ಕ್ ಬರೀ ಶೋಕಿ, ತೂಕ ಜಾಸ್ತಿ" ಅಂತಾರೆ ಗೆಳೆಯರು. ತೂಕ ಜಾಸ್ತಿ, ನಿಜ. ಆದರೆ ರಿಮ್ ಬ್ರೇಕ್ ಮಳೆಯಲ್ಲಿ ಮೊದಲು ರಿಮ್ಮಿನ ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ನಾಯಿ ಅಡ್ಡ ಬಂದಿರುತ್ತೆ. ಕೆಸರು ಮೆತ್ತಿದರೆ ರಿಮ್ಮೂ ಸವೆಯುತ್ತೆ. ಸೈಕ್ಲೋಕ್ರಾಸ್ ರೇಸಿಗೆ ಡಿಸ್ಕ್ ಬ್ರೇಕನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಒಪ್ಪಿದ್ದು 2010ರಲ್ಲಿ, ಶೋಕಿಗಲ್ಲ. ನನ್ನ ಓಟು ಮಾತ್ರ ಕೇಬಲ್ ಡಿಸ್ಕಿಗೆ. ದಾರಿಯಲ್ಲಿ ಕೇಬಲ್ ಕಿತ್ತರೆ ನಮ್ಮೂರಿನ ಸೈಕಲ್ ಶಾಪಿನವನೂ ಹಾಕಿಕೊಡುತ್ತಾನೆ.

ಇನ್ನೊಂದು ಮಾತು. ಹೊಸ ಡಿಸ್ಕ್ ಮೊದಲ ದಿನ ಸರಿಯಾಗಿ ಹಿಡಿಯಲ್ಲ, ಕಿರುಚುತ್ತೆ. ಖಾಲಿ ರಸ್ತೆಯಲ್ಲಿ ವೇಗವಾಗಿ ಹೋಗಿ ಇಪ್ಪತ್ತು ಸಲ ನಿಧಾನ ಮಾಡಿ, ಪಳಗುತ್ತೆ.

ಟೆಸ್ಟ್ ಮಾಡದೆ ಒಂದು ಲೈನ್ ಕೋಡನ್ನೂ ಪ್ರೊಡಕ್ಷನ್ನಿಗೆ ಬಿಡದವರು ನಾವು. ಓಡಿಸಿ ನೋಡದೆ ಸೈಕಲ್ಲಿಗೆ ಕಾರ್ಡ್ ಉಜ್ಜಬೇಡಿ. ಟೆಸ್ಟ್ ರೈಡ್ ಕೊಡಲ್ಲ ಅಂದರೆ ಎದ್ದು ಬನ್ನಿ. ಅಡ್ಜಸ್ಟ್ ಆಗಬೇಕಾದ್ದು ಬ್ರೇಕ್ ಪ್ಯಾಡು, ನಿಮ್ಮ ಬೆನ್ನಲ್ಲ.