ಒಣಗಿದ ತೆಂಗು ಇಟ್ಟಿಗೆ ಗೂಡಿಗಲ್ಲ, ಸೂರಿಗೆ

ಒಡೆಯರಪಾಳ್ಯದ ಸುತ್ತ ಕೊಟ್ಟಿಗೆಗೆ ಸೂರು ಅಂದರೆ ಹಿಂದೆ ಕಾಡಿನ ಬಿದಿರು, ಹುಲ್ಲು. 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾಯಿತು. ನಮ್ಮಂಥ ರೈತರು ಈಗ ಅಲ್ಲಿಂದ ಗಳ ತರುವ ಹಾಗಿಲ್ಲ. ಹಾಗಂತ ಎಲ್ಲರೂ ತಗಡಿನ ಶೀಟಿಗೆ ಓಡಬೇಕೆ? ಏಪ್ರಿಲ್ ಮಧ್ಯಾಹ್ನ ಶೀಟಿನಡಿ ಹಸು ಏದುಸಿರು ಬಿಡೋದನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

ಮರ ನಮ್ಮ ಹೊಲದಲ್ಲೇ ಇದೆ. ಕೊಳ್ಳೇಗಾಲ, ಹನೂರು ಕಡೆ ಬೋರ್‌ವೆಲ್ ಬತ್ತಿ ತೆಂಗು ಒಣಗಿದರೆ ಸಿಕ್ಕಿದ ಬೆಲೆಗೆ ಇಟ್ಟಿಗೆ ಗೂಡಿಗೆ ಕೊಟ್ಟುಬಿಡ್ತೇವೆ. "ತೆಂಗು ಲಡ್ಡು ಮರ" ಅನ್ನೋ ಮಾತು ಅರ್ಧ ನಿಜ. ಹಲಸು, ತೇಗದಲ್ಲಿ ಚೇಗು ಒಳಗಿದ್ದರೆ ತೆಂಗಿನಲ್ಲಿ ಗಟ್ಟಿ ಹೊರಗಿದೆ. ಮೆದು ಇರೋದು ತಿರುಳು.

ಐವತ್ತು-ಅರುವತ್ತು ವರ್ಷದ ಮರದ ಬುಡದ ಭಾಗ ಸೀಳಿಸಿ, ತಿರುಳು ಬಿಟ್ಟು ಜಂತೆ, ರೀಪು ತೆಗೆಸಿ. ಎಳೆ ಮರ, ತುದಿ ಭಾಗ ಬೇಡ. ಒಣಗಿದ ಮರವನ್ನು ವರ್ಷಗಟ್ಟಲೆ ನಿಲ್ಲಿಸಿದರೆ ಹುಳ ಬೀಳುತ್ತೆ, ಬೇಗ ಕಡಿಯಿರಿ. ಸೀಳನ್ನು ನೆರಳಲ್ಲಿ ಒಣಗಿಸಿ. ಮಣ್ಣು, ಮಳೆನೀರು ತಾಗಿದರೆ ಕೊಳೆಯುವುದರಿಂದ ಕಂಬಕ್ಕೆ ಕಲ್ಲೇ ಇರಲಿ.

ಮೇಲೆ ಮಂಗಳೂರು ಹೆಂಚು ಹೊದಿಸಬಹುದು. ಹೆಣೆದ ಗರಿಯಾದರೆ ಆಗಾಗ ಬದಲಿಸಬೇಕು. ಒಲೆಯ ಹತ್ತಿರ ಮಾತ್ರ ಬೇಡ. ಬದುವಿನಲ್ಲಿ ನಾಲ್ಕು ಮೆಳೆ ಬಿದಿರೂ ಇರಲಿ. 2017ರ ತಿದ್ದುಪಡಿಯಿಂದ, ಕಾಡಿನ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯ್ದೆಯ ಲೆಕ್ಕದಲ್ಲಿ 'ಮರ' ಅಲ್ಲ.

ಇದೆಲ್ಲ ಬಡತನದ ಗುರುತು ಅನ್ನುವವರಿದ್ದಾರೆ. ಕರಾವಳಿಯವರು ಅಡಿಕೆ ಮರ ಸೀಳಿ ಸಲಾಕೆ ಮಾಡಿದರೆ ಯಾರೂ ಹಾಗೆನ್ನಲ್ಲ. ಸಾಲದ ಶೀಟಿಗಿಂತ ಹೊಲದ ಜಂತೆ ಮೇಲು.