ಅಕ್ಷರ ದೊಡ್ಡದಾಗಬೇಕೇ? ರೆಸಲ್ಯೂಷನ್ ಮುಟ್ಟಬೇಡಿ

ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಸಣ್ಣದಾಗಿ ಕಾಣುತ್ತೆ ಅಂತ ಸ್ಕ್ರೀನ್ ರೆಸಲ್ಯೂಷನ್ ಇಳಿಸಿದ್ದೀರಾ? ದಯವಿಟ್ಟು ಮೊದಲು ವಾಪಸ್ ಏರಿಸಿ. ಆಮೇಲೆ ಜಗಳ ಆಡೋಣ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತಲ್ಲ, ಇಲ್ಲಿ ಓಲ್ಡ್ ಬ್ರಿಡ್ಜ್‌ನ ನಮ್ಮವರ ಮನೆಗಳಲ್ಲಿ ಮೂಲೆ ಸೇರಬೇಕಿದ್ದ ಲ್ಯಾಪ್‌ಟಾಪ್‌ಗಳಿಗೆ ಉಬುಂಟು ಹಾಕಿ ಮಕ್ಕಳಿಗೆ ಕೊಟ್ಟಿದ್ದಾರೆ. ಒಳ್ಳೇ ಕೆಲಸ. ಆದರೆ ವಾರಾಂತ್ಯದ ಕನ್ನಡ ಪಾಠ ತೆರೆದು ಅಕ್ಷರ ಚಿಕ್ಕದು ಅನ್ನಿಸಿದ ಕೂಡಲೇ ಅಪ್ಪನೋ ಅಮ್ಮನೋ 1920×1080 ಇದ್ದದ್ದನ್ನು 1280×720 ಮಾಡ್ತಾರೆ. ಅಕ್ಷರ ದೊಡ್ಡದಾಗುತ್ತೆ, ಜೊತೆಗೆ ಮಸುಕೂ ಆಗುತ್ತೆ. ಆಮೇಲೆ ತೀರ್ಪು: "ಲಿನಕ್ಸ್‌ನಲ್ಲಿ ಕನ್ನಡ ಸರಿಯಾಗಿ ಬರಲ್ಲ ಕಣ್ರೀ." ಕೆಲವರಂತೂ ಪಾಠವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೊಡ್ತಾರೆ. ನನ್ನ ತಕರಾರು ಇರೋದೇ ಇಲ್ಲಿ.

ಎಲ್‌ಸಿಡಿ ಪರದೆಯಲ್ಲಿ ಎಷ್ಟು ಚುಕ್ಕಿ ಇರಬೇಕು ಅನ್ನೋದು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತೆ. ನೀವು 1280×720 ಅಂದರೆ, ಅದು 20 ಸಾಲು ಚುಕ್ಕಿಗಳಲ್ಲಿ ಬರೆದ ಅಕ್ಷರವನ್ನು 30 ಸಾಲಿಗೆ ಹಿಗ್ಗಿಸಿ, ನಡುವೆ ಅಂದಾಜಿನ ಬಣ್ಣ ತುಂಬುತ್ತೆ. ರೆಸಲ್ಯೂಷನ್ ಹಾಗೇ ಬಿಟ್ಟು ಅಕ್ಷರದ ಗಾತ್ರವನ್ನೇ ಒಂದೂವರೆ ಪಟ್ಟು ಮಾಡಿದರೆ, ಕಣ್ಣಿಗೆ ಅಷ್ಟೇ ದೊಡ್ಡದು, ಆದರೆ 30 ಸಾಲಿನಲ್ಲೇ ಬರೆದದ್ದು.

ಕನ್ನಡಕ್ಕೆ ಆ 10 ಸಾಲು ತುಂಬಾ ದುಬಾರಿ. ದನಕ್ಕೂ ಧನಕ್ಕೂ ಇರೋ ವ್ಯತ್ಯಾಸ ಒಂದು ಪುಟ್ಟ ಸೀಳು, ಅಷ್ಟೇ. "ರಾಷ್ಟ್ರ" ಬರೆದರೆ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ಊರಲ್ಲಿ ಓದಿ ಬಂದವರು ಮಸುಕಿನಲ್ಲೂ ಊಹಿಸಿಕೊಂಡು ಓದ್ತಾರೆ. ಇಲ್ಲೇ ಹುಟ್ಟಿ, ಈಗ ಅಕ್ಷರ ಕಲೀತಿರೋ ನಿಮಗೆ ಆ ಊಹೆ ಎಲ್ಲಿಂದ ಬರಬೇಕು? ಧ, ಥ ಗೊತ್ತಾಗ್ತಿಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ, ಪರದೆ ನೋಡಿ. (ಮಹಾಪ್ರಾಣಗಳೇ ಬೇಡ ಅಂದ ಡಿ.ಎನ್. ಶಂಕರ ಬಟ್ ಅವರ ವಾದ ಉಚ್ಚಾರಣೆಯ ಮೇಲೆ ನಿಂತದ್ದು. ಒಪ್ಪಿ, ಬಿಡಿ, ಕೆಟ್ಟ ಪರದೆ ಅದಕ್ಕೆ ಸಾಕ್ಷಿ ಅಲ್ಲ.) ನನ್ನ ಕೆಲಸದಲ್ಲಿ ಡೇಟಾ ಕೆಡಿಸಿ ಕೊಟ್ಟು ಮಾಡೆಲ್ ದಡ್ಡ ಅಂದರೆ ಮೀಟಿಂಗ್‌ನಲ್ಲಿ ನಗ್ತಾರೆ. ಮಕ್ಕಳ ವಿಷಯದಲ್ಲಿ ಮಾತ್ರ ಅದೇ ಮಾತನ್ನು ಗಂಭೀರವಾಗಿ ಆಡ್ತೀವಿ.

ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಸ್ ತೆರೆಯಿರಿ. ರೆಸಲ್ಯೂಷನ್ ಪರದೆಯ ಮೂಲ ಸಂಖ್ಯೆಗೇ ಇರಲಿ. ಫ್ರ್ಯಾಕ್ಷನಲ್ ಸ್ಕೇಲಿಂಗ್ ಆನ್ ಮಾಡಿ, ಸ್ಕೇಲ್ 125% ಅಥವಾ 150% ಇಡಿ. ಕೆಲವು ಹಳೇ ಆ್ಯಪ್‌ಗಳು ಇದರಲ್ಲೂ ಮಬ್ಬಾಗ್ತವೆ, ಒಪ್ಪಿದೆ. ಹಾಗಾದರೆ ಸ್ಕೇಲ್ 100%ಗೇ ಬಿಟ್ಟು ಆಕ್ಸೆಸಿಬಿಲಿಟಿಯಲ್ಲಿ ಲಾರ್ಜ್ ಟೆಕ್ಸ್ಟ್ ಆನ್ ಮಾಡಿ. ಬ್ರೌಸರ್‌ನಲ್ಲಿ ಓದೋರಿಗೆ ಕಂಟ್ರೋಲ್ ಒತ್ತಿ ಪ್ಲಸ್ ಒತ್ತಿದರೆ ಸಾಕು. ಇನ್ನು ಟರ್ಮಿನಲ್ ತೆರೆದು ಎಕ್ಸ್‌ರ್ಯಾಂಡರ್ ಕಮಾಂಡ್ ಕೊಡೋ ವೀರರಿಗೆ ಒಂದು ಮಾತು: ವೇಲ್ಯಾಂಡ್‌ನಲ್ಲಿ ಅದು ನಿಜವಾದ ರೆಸಲ್ಯೂಷನ್ ಬದಲಿಸಲ್ಲ. ಗೇಮ್ ಆಡೋಕೆ, ಹಳೇ ಪ್ರೊಜೆಕ್ಟರ್‌ಗೆ ಹೊಂದಿಸೋಕೆ ಬೇಕಾದರೆ ರೆಸಲ್ಯೂಷನ್ ಇಳಿಸಿಕೊಳ್ಳಿ. ಕೆಲಸ ಮುಗಿದ ಮೇಲೆ, ಕನ್ನಡ ಪಾಠ ತೆರೆಯೋ ಮೊದಲು, ವಾಪಸ್ ಏರಿಸಿ.