ನಾಳಿನ ಮಳೆಯೇ ಗೊತ್ತಿಲ್ಲದಿರುವಾಗ 2100ರ ತಾಪಮಾನ ಹೇಳುವುದು ಹೇಗೆ?

ಸಂಜೆ ಕುಕ್ ಟೌನ್‌ನಲ್ಲಿ ಮಳೆ ಬರುತ್ತದೋ ಇಲ್ಲವೋ ಎಂದೇ ಖಚಿತವಾಗಿ ಹೇಳಲಾಗದವರು ಶತಮಾನದ ಕೊನೆಯ ಬಿಸಿಲನ್ನು ಹೇಗೆ ಲೆಕ್ಕ ಹಾಕುತ್ತಾರೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದರಲ್ಲಿ ಹವಾಮಾನ ಮತ್ತು ವಾಯುಗುಣ ಎಂಬ ಎರಡು ಬೇರೆ ವಿಷಯಗಳು ಬೆರೆತಿವೆ.

2016ರ ಏಪ್ರಿಲ್‌ನ ಒಂದು ದಿನ ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದು ಹವಾಮಾನ. ಆ ದಿನಾಂಕವನ್ನು ದಶಕಗಳ ಮೊದಲೇ ಯಾವ ಮಾದರಿಯೂ ಹೇಳಲಾರದು. ಆದರೆ ಮುಂದಿನ ವರ್ಷವೂ ಏಪ್ರಿಲ್ ತಿಂಗಳು ಡಿಸೆಂಬರ್‌ಗಿಂತ ಬಿಸಿಯಾಗಿರುತ್ತದೆ ಎಂದು ನಾವೆಲ್ಲರೂ ಧೈರ್ಯವಾಗಿ ಹೇಳಬಹುದು. ವಾಯುಗುಣ ಮಾದರಿಗಳು ಹೇಳುವುದು ಇಂಥದ್ದನ್ನೇ: ಹಲವು ವರ್ಷಗಳ ಸರಾಸರಿಯನ್ನು.

ಮಾದರಿ ಕೆಲಸ ಮಾಡುವುದು ಹೇಗೆ?

ವಾತಾವರಣ ಮತ್ತು ಸಾಗರವನ್ನು ಕಂಪ್ಯೂಟರ್ ಸಾವಿರಾರು ಚೌಕಗಳಾಗಿ ವಿಂಗಡಿಸುತ್ತದೆ. ಶಾಖ, ಗಾಳಿ, ತೇವಾಂಶ ಒಂದು ಚೌಕದಿಂದ ಇನ್ನೊಂದಕ್ಕೆ ಸಾಗುವುದನ್ನು ಭೌತಶಾಸ್ತ್ರದ ನಿಯಮಗಳ ಪ್ರಕಾರ ಲೆಕ್ಕ ಹಾಕುತ್ತದೆ. 1967ರಲ್ಲೇ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಭೂಮಿ ಎರಡು ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತದೆ ಎಂದು ತೋರಿಸಿದ್ದರು. ಮನಾಬೆಗೆ 2021ರಲ್ಲಿ ನೊಬೆಲ್ ಬಂತು. ಭಾರತವೂ ಹಿಂದೆ ಬಿದ್ದಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮಾದರಿ ಈಗ ಜಾಗತಿಕ ಹೋಲಿಕೆಯಲ್ಲಿ ಸೇರಿದೆ.

ನಂಬಬಹುದೇ?

ಮೊದಲ ಪರೀಕ್ಷೆ ಭೂತಕಾಲ. ಸೂರ್ಯ ಮತ್ತು ಜ್ವಾಲಾಮುಖಿಗಳ ಪ್ರಭಾವವನ್ನಷ್ಟೇ ಕೊಟ್ಟರೆ, ಕಳೆದ ಐವತ್ತು ವರ್ಷಗಳ ಏರಿಕೆ ಮಾದರಿಯಲ್ಲಿ ಮೂಡುವುದೇ ಇಲ್ಲ. ಮನುಷ್ಯ ಹೊರಬಿಟ್ಟ ಅನಿಲಗಳನ್ನು ಸೇರಿಸಿದಾಗ ಮಾತ್ರ ಲೆಕ್ಕ ವಾಸ್ತವಕ್ಕೆ ಹೊಂದುತ್ತದೆ.

"ಗೊತ್ತಿರುವ ಉತ್ತರಕ್ಕೆ ಲೆಕ್ಕ ಹೊಂದಿಸುವುದು ಸುಲಭ" ಎನ್ನುವವರಿದ್ದಾರೆ. ಅದಕ್ಕೇ ಎರಡನೇ ಪರೀಕ್ಷೆ: ಹಳೆಯ ಭವಿಷ್ಯವಾಣಿಗಳು. 1970ರಿಂದ 2007ರವರೆಗೆ ಪ್ರಕಟವಾದ 17 ಮುನ್ನಂದಾಜುಗಳನ್ನು ವಿಜ್ಞಾನಿಗಳು ನಂತರದ ಅಳತೆಗಳೊಂದಿಗೆ ಹೋಲಿಸಿದರು. ನಿಜವಾಗಿ ಹೊರಬಿದ್ದ ಅನಿಲದ ಪ್ರಮಾಣವನ್ನು ಪರಿಗಣಿಸಿದಾಗ 14 ಹೊಂದಿಕೆಯಾದವು.

ಮಿತಿ ಎಲ್ಲಿದೆ?

ಜಾಗತಿಕ ಮಾದರಿಯ ಒಂದು ಚೌಕ ಸಾಮಾನ್ಯವಾಗಿ 100 ಕಿಲೋಮೀಟರ್‌ನಷ್ಟು ಅಗಲ. ಇಡೀ ಬೆಂಗಳೂರು ಅದರೊಳಗೆ ಅಡಗುತ್ತದೆ. ಮರಗಳಿರುವ ಕುಕ್ ಟೌನ್ ರಸ್ತೆಗೂ ಪಕ್ಕದ ಕಾಂಕ್ರೀಟ್ ರಸ್ತೆಗೂ ಇರುವ ವ್ಯತ್ಯಾಸ ಅದಕ್ಕೆ ಕಾಣದು. ಮಳೆಯ ಅಂದಾಜೂ ತಾಪಮಾನದಷ್ಟು ಗಟ್ಟಿಯಲ್ಲ. ಜೊತೆಗೆ, 2100ಕ್ಕೆ ಒಂದೇ ಉತ್ತರವಿಲ್ಲ. ನಾವು ಎಷ್ಟು ಇಂಧನ ಸುಡುತ್ತೇವೆ ಎಂಬುದರ ಮೇಲೆ ಅದು ಬದಲಾಗುತ್ತದೆ.

ಹಾಗಾಗಿ ಮಾದರಿಯನ್ನು ಜಾತಕದಂತೆ ಓದಬಾರದು. ಅದು "ಹೀಗೇ ಆಗುತ್ತದೆ" ಎನ್ನುವುದಿಲ್ಲ, "ಹೀಗೆ ಮಾಡಿದರೆ ಹೀಗಾಗುತ್ತದೆ" ಎನ್ನುತ್ತದೆ. ಇನ್ನು ನಮ್ಮ ಬೀದಿಯ ನೆರಳನ್ನು ಉಳಿಸಿಕೊಳ್ಳುವ ತೀರ್ಮಾನಕ್ಕೆ ಸೂಪರ್ ಕಂಪ್ಯೂಟರ್ ಬೇಕಿಲ್ಲ.